ತವರು ಬಿಟ್ಟು ಬಾಳದ ಹೂವು



ಮುಂಗಾರು ಹಿಡಿಯಿತೆಂದರೆ ನಮ್ಮ ಊರುಗಳ ಬೀದಿಗಳಲ್ಲಿ ಒಂದು ಸಣ್ಣ ಸಡಗರ ಶುರುವಾಗುತ್ತದೆ. ನೀವೂ ನೋಡಿರುತ್ತೀರಿ. ಯಾರದೋ ಮನೆಯ ಕುಂಡದಲ್ಲಿ ಬ್ರಹ್ಮಕಮಲ ಮೊಗ್ಗು ಬಿಟ್ಟಿರುತ್ತದೆ. "ಇವತ್ತು ರಾತ್ರಿ ಅರಳುತ್ತೆ ಕಣ್ರೀ, ತಪ್ಪದೆ ಬನ್ನಿ" ಎಂದು ಆ ಮನೆಯಾಕೆ ಸಂಜೆಯೇ ನಾಲ್ಕು ಮನೆಗೆ ಹೇಳಿಬಂದಿರುತ್ತಾಳೆ. ರಾತ್ರಿಯ ಊಟ ಮುಗಿಸಿ, ಅಡುಗೆಮನೆ ಒರೆಸಿ, ನಿದ್ದೆ ಹತ್ತದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೆಂಗಸರೆಲ್ಲ ಸೇರುತ್ತಾರೆ. ಕುಂಡದ ಮುಂದೆ ಪುಟ್ಟ ರಂಗೋಲಿ, ಎರಡು ಊದುಬತ್ತಿ, ಅರಿಶಿನ ಕುಂಕುಮ. ಒಳಗೆ ಒಂದು ಬಾಣಲೆ ಸಜ್ಜಿಗೆ. ಎಂಟು ಒಂಬತ್ತರ ಹೊತ್ತಿಗೆ ಬಾಯಿ ಬಿಡತೊಡಗಿದ ಮೊಗ್ಗು ನಡುರಾತ್ರಿಗೆ ಪೂರ್ತಿ ಅರಳಿ, ಅಂಗಳವೆಲ್ಲ ಘಮ್ಮೆನ್ನುತ್ತದೆ. ಮೊಬೈಲಿನಲ್ಲಿ ಹತ್ತಾರು ಫೋಟೋ. ಬೆಳಗಾಗುವಷ್ಟರಲ್ಲಿ ಹೂವು ಕತ್ತು ಚೆಲ್ಲಿ ಸೋತು ಬಿದ್ದಿರುತ್ತದೆ.

ಇಂಥ ರಾತ್ರಿಗಳಲ್ಲಿ ಯಾರಾದರೊಬ್ಬರು ಒಂದು ಮಾತು ಕೇಳಿಯೇ ಕೇಳುತ್ತಾರೆ: "ಕೇದಾರನಾಥದಲ್ಲಿ ಈಶ್ವರನಿಗೆ ಏರಿಸುತ್ತಾರಲ್ಲ ಬ್ರಹ್ಮಕಮಲ, ಅದು ಇದೇನಾ?" ಯಾತ್ರೆ ಮುಗಿಸಿ ಬಂದವರು "ಅಲ್ಲಪ್ಪ, ಅಲ್ಲಿ ನಾವು ಕಂಡದ್ದೇ ಬೇರೆ" ಅನ್ನುತ್ತಾರೆ. ಹೋಗದವರು ನಂಬುವುದಿಲ್ಲ. ವಾದ ಬೆಳೆಯುತ್ತದೆ, ಸಜ್ಜಿಗೆ ಆರುತ್ತದೆ!

ಯಾತ್ರೆಗೆ ಹೋಗಿಬಂದವರ ಮಾತೇ ಸರಿ. ಎರಡೂ ಬೇರೆ ಬೇರೆ ಹೂಗಳು. ಹೆಸರೊಂದನ್ನು ಬಿಟ್ಟರೆ ಅವಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲ. ಈ ಸಲ ಈ ಎರಡು ಹೂಗಳ ಕಥೆಯನ್ನೇ ಹೇಳಬೇಕೆಂದಿದ್ದೇನೆ. ಒಂದು, ತವರು ಬಿಟ್ಟು ಸಾವಿರಾರು ಮೈಲಿ ಬಂದು ನಮ್ಮ ಜಗಲಿಯಲ್ಲಿ ಸುಖವಾಗಿ ಬಾಳುತ್ತಿರುವ ಹೂವು. ಇನ್ನೊಂದು, ತವರು ಬಿಟ್ಟರೆ ಬಾಳಲಾರದ ಹೂವು. ಅಂಥದರ ತವರಿಗೇ ಈಗ ತೊಂದರೆ ಬಂದಿದೆ.

ಕುಂಡದ ಹೂವು ಎಲ್ಲಿಯದು?

ನಮ್ಮ ಮನೆಗಳ ಬ್ರಹ್ಮಕಮಲ ಹಿಮಾಲಯವನ್ನು ಕಂಡಿದ್ದೇ ಇಲ್ಲ. ಅದರ ಹುಟ್ಟೂರು ದೂರದ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳು. ಜಾತಿಯಲ್ಲಿ ಅದು ಕಳ್ಳಿ. ಹೌದು, ಕಳ್ಳಿಯೇ! ಮುಳ್ಳಿಲ್ಲವಲ್ಲ ಅಂತೀರಾ? ಇದು ಮರುಭೂಮಿಯ ಕಳ್ಳಿಯಲ್ಲ, ಕಾಡಿನ ಮರಗಳ ಕೊಂಬೆಯನ್ನು ಆಸರೆ ಮಾಡಿಕೊಂಡು ಬೆಳೆಯುವ ಕಳ್ಳಿ. ಎಲೆ ಎಂದು ನಾವು ಅಂದುಕೊಂಡದ್ದೂ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನಿಂದ ಮೊಗ್ಗು ಹೊರಡುತ್ತದೆ, ತುಂಡು ಮಾಡಿ ನೆಟ್ಟರೆ ಬೇರು ಬಿಡುತ್ತದೆ.

ರಾತ್ರಿಯಲ್ಲೇ ಏಕೆ ಅರಳುತ್ತದೆ ಗೊತ್ತೇ? ಅದರ ತವರಿನಲ್ಲಿ ಪರಾಗ ಸಾಗಿಸುವುದು ರಾತ್ರಿ ಹಾರಾಡುವ ದೊಡ್ಡ ಪತಂಗಗಳು. ಕತ್ತಲಲ್ಲಿ ಅವುಗಳಿಗೆ ಕಾಣಲೆಂದು ಬಿಳಿ ಬಣ್ಣ, ದಾರಿ ತಿಳಿಯಲೆಂದು ಆ ಪರಿಮಳ. ಕೇರಳದವರು ಇದನ್ನು ನಿಶಾಗಂಧಿ ಎನ್ನುತ್ತಾರೆ, ಒಪ್ಪುವ ಹೆಸರು. ನಮ್ಮವರು ಬ್ರಹ್ಮಕಮಲ ಎಂದರು. ಎಲೆಯಂಥ ಕಾಂಡದಿಂದ ನಾಳ ಹೊರಟು ಹೂವಾಗುವುದನ್ನು ಕಂಡಾಗ, ವಿಷ್ಣುವಿನ ಹೊಕ್ಕುಳಿಂದ ಕಮಲ ಹುಟ್ಟಿ ಅದರಲ್ಲಿ ಬ್ರಹ್ಮ ಕುಳಿತ ಕಥೆ ನೆನಪಾಗಿರಬೇಕು. ಹೂವಿನೊಳಗೆ ಶೇಷಶಯನನನ್ನು ಕಾಣುವವರೂ ಇದ್ದಾರೆ.

ಹಾಗೆಂದು ಪೂಜೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ದೂರದೂರಿನಿಂದ ಬಂದ ಸೊಸೆ ಹತ್ತು ವರ್ಷ ಕಳೆದ ಮೇಲೆ ಮನೆಯವಳೇ ಆಗಿಬಿಡುತ್ತಾಳಲ್ಲ, ಹಾಗೆ ಈ ಕಳ್ಳಿಯೂ ನಮ್ಮದಾಗಿದೆ. ಹೂವನ್ನು ನೋಡುವ ನೆಪದಲ್ಲಿ ನಾಲ್ಕು ಮನೆಯವರು ಒಂದು ರಾತ್ರಿ ಒಟ್ಟಿಗೆ ಕೂಡುತ್ತಾರಲ್ಲ, ಅದೇನು ಕಡಿಮೆ ಪುಣ್ಯವೇ? ಆದರೆ ಹೆಸರಿನ ಮೂಲ ಒಡತಿ ಬೇರೆ ಇದ್ದಾಳೆ. ಅವಳ ಪರಿಚಯವೂ ನಮಗಿರಬೇಕು.

ಪರ್ವತದ ಬ್ರಹ್ಮಕಮಲ

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಅದರ ಎತ್ತರ ಸುಮಾರು 1,930 ಮೀಟರ್. ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೆ ಎಷ್ಟು ಎತ್ತರವಾಗುತ್ತದೋ, ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ ಬ್ರಹ್ಮಕಮಲದ ಸೀಮೆ. ಸುಮಾರು 3,700 ಮೀಟರಿನಿಂದ 4,600 ಮೀಟರಿನವರೆಗೆ. ಅಲ್ಲಿ ಮರಗಳು ಬೆಳೆಯುವುದಿಲ್ಲ. ಬಂಡೆ, ಬಂಡೆಗಳ ನಡುವೆ ಹುಲ್ಲು, ಅದರಾಚೆ ಹಿಮ. ಈ ಹುಲ್ಲುಗಾವಲುಗಳಿಗೆ ಗಢವಾಲದ ಜನ 'ಬುಗ್ಯಾಲ್' ಎನ್ನುತ್ತಾರೆ.

ಹೆಸರು ಕಮಲವಾದರೂ ಇದು ನೀರಿನ ತಾವರೆಯ ಬಳಗವಲ್ಲ. ನಮ್ಮ ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂಗಳ ಕುಟುಂಬಕ್ಕೆ ಸೇರಿದ್ದು. ಗಿಡ ಒಂದು ಮೊಳ ಎತ್ತರ ಬಂದರೆ ಹೆಚ್ಚು. ಅದರ ತುದಿಯಲ್ಲಿ ಹಸುರು ಬೆರೆತ ತೆಳುಹಳದಿಯ, ಕಾಗದದಷ್ಟು ತೆಳ್ಳಗಿನ ದೊಡ್ಡ ದಳಗಳು ಒಂದರ ಮೇಲೊಂದು ಬೊಗಸೆಯಂತೆ ಮುಚ್ಚಿಕೊಂಡಿರುತ್ತವೆ. ನೋಡಿದವರು ಅದನ್ನೇ ಹೂವೆನ್ನುತ್ತಾರೆ. ನಿಜವಾದ ಹೂವು ಇರುವುದು ಆ ಬೊಗಸೆಯ ಒಳಗೆ. ಕಡುನೇರಳೆ ಬಣ್ಣದ ಸಣ್ಣ ಸಣ್ಣ ಹೂಗಳು ಗುಂಪಾಗಿ ಅಂಟಿ ಕುಳಿತಿರುತ್ತವೆ. ಹೊರಗಿನದು ಅವುಗಳಿಗೆ ಹೊದಿಕೆ, ಅಷ್ಟೆ.

ಈ ಹೊದಿಕೆಯ ಜಾಣತನವನ್ನು ನಾವು ಹೆಂಗಸರು ಮೆಚ್ಚಲೇಬೇಕು. ಅಷ್ಟು ಎತ್ತರದಲ್ಲಿ ಜುಲೈ ಆಗಸ್ಟಿನಲ್ಲೂ ಕೊರೆಯುವ ಗಾಳಿ, ಸುರಿಯುವ ಮಳೆ, ಮೋಡ ಸರಿದರೆ ಚರ್ಮ ಸುಡುವ ಬಿಸಿಲು. ತೆಳುವಾದ ಹೊದಿಕೆಯ ಮೂಲಕ ಬೆಳಕು ಒಳಗೆ ಬರುತ್ತದೆ, ಬಂದ ಬಿಸುಪು ಬೇಗ ಹೊರಗೆ ಹೋಗುವುದಿಲ್ಲ. ಗಾಜಿನ ಮನೆಯ ಹಾಗೆ. ಮಳೆಯ ನೀರು ಪರಾಗವನ್ನು ತೊಳೆಯುವುದಿಲ್ಲ. ಬಾಣಂತಿಯ ಕೋಣೆಯನ್ನು ನಮ್ಮ ಅಜ್ಜಿಯರು ಹೇಗೆ ಗಾಳಿಯಾಡದಂತೆ ಬೆಚ್ಚಗೆ ಕಾಯುತ್ತಿದ್ದರೋ ಹಾಗೆ ಈ ಗಿಡ ತನ್ನ ಹೂಗಳನ್ನು ಕಾಯುತ್ತದೆ. ಇದರ ಹತ್ತಿರದ ಬಂಧುವೊಂದಿದೆ, ಅದನ್ನು ಫೇನಕಮಲ ಎನ್ನುತ್ತಾರೆ. ಅದು ಇನ್ನೂ ಮೇಲೆ, ಇನ್ನೂ ಚಳಿಯಲ್ಲಿ ಬೆಳೆಯುವಂಥದು. ಅದಕ್ಕೆ ಕಾಗದದ ಹೊದಿಕೆ ಸಾಲದು, ಹಾಗಾಗಿ ಮೈತುಂಬ ಬಿಳಿ ಉಣ್ಣೆಯನ್ನೇ ಹೊದ್ದು ಕುಳಿತಿರುತ್ತದೆ!

ಪರ್ವತದ ಬ್ರಹ್ಮಕಮಲ ಒಂದು ರಾತ್ರಿಯ ಹೂವಲ್ಲ. ಜುಲೈನಿಂದ ಸೆಪ್ಟೆಂಬರಿನವರೆಗೆ ಹಗಲು ರಾತ್ರಿ ನಿಂತಿರುತ್ತದೆ. ಪರಾಗ ಹೊರುವುದು ಮೈತುಂಬ ರೋಮವಿರುವ ದಪ್ಪ ದುಂಬಿಗಳು. ಮಲ್ಲಿಗೆಯಂಥ ಹಿತವಾದ ಕಂಪು ಇದಕ್ಕಿಲ್ಲ, ವಾಸನೆ ಕಟುವಾದದ್ದು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬೀಜ ಬಲಿತು ಗಾಳಿಗೆ ಹಾರುತ್ತದೆ. ಹಿಮ ಬೀಳತೊಡಗಿದಾಗ ಮೇಲಿನ ಎಲೆ ದಂಟೆಲ್ಲ ಒಣಗಿ ಹೋಗುತ್ತವೆ. ಆದರೆ ಗಿಡ ಸಾಯುವುದಿಲ್ಲ. ನೆಲದೊಳಗಿನ ಗಟ್ಟಿ ಬೇರು ತಿಂಗಳುಗಟ್ಟಲೆ ಹಿಮದಡಿ ಮಲಗಿದ್ದು, ಬೇಸಿಗೆಯಲ್ಲಿ ಹಿಮ ಕರಗಿದ ಕೂಡಲೆ ಮತ್ತೆ ಚಿಗುರುತ್ತದೆ. ಬೀಜದಿಂದ ಮೊಳೆತ ಸಸಿ ಹೂ ಬಿಡುವಷ್ಟು ಬಲಿಯುವುದು ಒಂದೇ ವರ್ಷದ ಮಾತಲ್ಲ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಬೆಳೆಯಲು ಬಿಡುವಿರುವ ಗಿಡ ಇನ್ನೆಷ್ಟು ಬೇಗ ಬೆಳೆದೀತು?

ಉತ್ತರಾಖಂಡದ ಚಮೋಲಿ ಜಿಲ್ಲೆಯ ಹೂಗಳ ಕಣಿವೆಯ ಹೆಸರು ನೀವು ಕೇಳಿರಬಹುದು. 1931ರಲ್ಲಿ ಕಾಮೇಟ್ ಶಿಖರವನ್ನು ಹತ್ತಿ ಹಿಂದಿರುಗುತ್ತಿದ್ದ ಫ್ರಾಂಕ್ ಸ್ಮೈದ್ ಎಂಬ ಪರ್ವತಾರೋಹಿ ಈ ಕಣಿವೆಯನ್ನು ಕಂಡು ಬೆರಗಾಗಿ, ಮತ್ತೆ ಬಂದು ನೋಡಿ, 1938ರಲ್ಲಿ ಅದರ ಮೇಲೆ ಪುಸ್ತಕ ಬರೆದ. ಊರಿನವರಿಗೆ ಮೊದಲಿನಿಂದಲೂ ಗೊತ್ತಿದ್ದ ಭ್ಯೂಂಡಾರ್ ಕಣಿವೆ ಆಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಮರುವರ್ಷ, 1939ರಲ್ಲಿ, ಜೋನ್ ಮಾರ್ಗರೆಟ್ ಲೆಗ್ ಎಂಬ ಆಂಗ್ಲ ಮಹಿಳೆ ಇಲ್ಲಿನ ಹೂಗಿಡಗಳನ್ನು ಸಂಗ್ರಹಿಸಲು ಬಂದರು. ವಯಸ್ಸು ಐವತ್ತು ದಾಟಿತ್ತು. ಇಳಿಜಾರಿನಲ್ಲಿ ಹೂ ಆರಿಸುತ್ತಿದ್ದಾಗ ಕಾಲು ಜಾರಿ ಬಿದ್ದು ತೀರಿಕೊಂಡರು. ಅವರ ಸಮಾಧಿ ಇಂದಿಗೂ ಆ ಹೂಗಳ ನಡುವೆಯೇ ಇದೆ. ಹುಡುಕಿಕೊಂಡು ಬಂದ ತಂಗಿ ಅಲ್ಲಿ ಕಲ್ಲು ನಿಲ್ಲಿಸಿ ಹೋದಳಂತೆ.

ಈ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ನಮ್ಮ ಅಂಚೆ ಇಲಾಖೆ ಹಿಮಾಲಯದ ಹೂಗಳ ಅಂಚೆಚೀಟಿಗಳನ್ನು ತಂದಾಗ ಬ್ರಹ್ಮಕಮಲಕ್ಕೂ ಜಾಗ ಸಿಕ್ಕಿತು. 2000ದಲ್ಲಿ ಹುಟ್ಟಿದ ಉತ್ತರಾಖಂಡ ಇದನ್ನೇ ತನ್ನ ರಾಜ್ಯಪುಷ್ಪವೆಂದು ಆರಿಸಿಕೊಂಡಿತು. ಕಣಿವೆಗೆ ಹೋಗುವವರು ಘಾಂಗರಿಯಾ ಎಂಬಲ್ಲಿ ತಂಗುತ್ತಾರೆ. ಅಲ್ಲಿಂದ ಇನ್ನೊಂದು ದಾರಿ ಸಿಖ್ಖರ ಪವಿತ್ರ ಕ್ಷೇತ್ರ ಹೇಮಕುಂಡ ಸಾಹೇಬಕ್ಕೆ ಏರುತ್ತದೆ. ಸುಮಾರು 4,300 ಮೀಟರ್ ಎತ್ತರದ ಆ ಸರೋವರದ ಸುತ್ತಮುತ್ತ ಬಂಡೆಗಳ ಸಂದಿಯಲ್ಲಿ ಬ್ರಹ್ಮಕಮಲ ಕಾಣಸಿಗುತ್ತದೆ.

ಅಲ್ಲಿಯ ನಂದಾ, ಇಲ್ಲಿಯ ಗೌರಿ

ಇನ್ನು ನನ್ನ ಮನಸ್ಸಿಗೆ ತುಂಬ ಹತ್ತಿರವಾದ ವಿಷಯ. ಭಾದ್ರಪದದ ತದಿಗೆಯ ದಿನ ನಾವು ಗೌರಿಯನ್ನು ಮನೆಗೆ ಕರೆಯುತ್ತೇವೆ. ಅವಳು ತವರಿಗೆ ಬರುವ ಮಗಳು. ಬಾಗಿನ ಕೊಡುತ್ತೇವೆ, ಮಡಿಲು ತುಂಬುತ್ತೇವೆ, ಕಳಿಸುವಾಗ ಕಣ್ಣು ತೇವವಾಗುತ್ತದೆ. ಹೌದಷ್ಟೆ?

ಗಢವಾಲ, ಕುಮಾವೂಗಳ ಪರ್ವತದ ಜನಕ್ಕೂ ಪಾರ್ವತಿ ಮನೆಮಗಳೇ. ಅಲ್ಲಿ ಅವಳ ಹೆಸರು ನಂದಾ. ಅವರ ನಂದಾಷ್ಟಮಿ ಬರುವುದು ಅದೇ ಭಾದ್ರಪದ ಶುಕ್ಲಪಕ್ಷದಲ್ಲಿ, ನಮ್ಮ ಗೌರಿಹಬ್ಬವಾಗಿ ಐದು ದಿನಕ್ಕೆ. ಅವಳನ್ನೂ ತವರಿನಿಂದ ಗಂಡನ ಮನೆಯಾದ ಕೈಲಾಸಕ್ಕೆ ಕಳಿಸಿಕೊಡುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವುದೆಂಬ ದೊಡ್ಡ ಬೀಳ್ಕೊಡುಗೆಗೆ ನಂದಾದೇವಿ ರಾಜಜಾತ್ ಎಂದು ಹೆಸರು. 2014ರಲ್ಲಿ ನಡೆದಾಗ ನೌಟಿ ಎಂಬ ಹಳ್ಳಿಯಿಂದ ಹೊರಟ ಜನ ವಾರಗಟ್ಟಲೆ ನಡೆದು, ಬುಗ್ಯಾಲುಗಳನ್ನು ದಾಟಿ, ಹಿಮದ ಬುಡದವರೆಗೆ ಹೋದರು. ಮುಂದೆ ನಾಲ್ಕು ಕೊಂಬಿನ ಟಗರು. ಅದರ ಬೆನ್ನ ಮೇಲಿನ ಚೀಲದಲ್ಲಿ ಮಗಳಿಗೆ ಕೊಟ್ಟು ಕಳಿಸುವ ಬಟ್ಟೆಬರೆ, ಒಡವೆ, ತಿಂಡಿ. ಯಾತ್ರೆಯ ಕೊನೆಯಲ್ಲಿ ಜನ ಹಿಂದಿರುಗುತ್ತಾರೆ, ಟಗರು ಮಾತ್ರ ಮೇಲಕ್ಕೆ ಹೋಗುತ್ತದೆ. ಮಗಳನ್ನು ಕಳಿಸುವ ಹಾಡು ಹೇಳುತ್ತ ಅಲ್ಲಿಯ ಹೆಂಗಸರು ಅಳುತ್ತಾರೆ. ಭಾಷೆ ತಿಳಿಯದಿದ್ದರೇನು, ಆ ಅಳು ನಮಗೆ ಅರ್ಥವಾಗುವುದಿಲ್ಲವೇ?

ಈ ನಂದೆಗೆ ಪ್ರಿಯವಾದ ಹೂವೇ ಬ್ರಹ್ಮಕಮಲ. ಅದನ್ನು ಕೀಳುವುದಕ್ಕೆ ಊರಿನವರಲ್ಲಿ ಕಟ್ಟುಪಾಡು ಇತ್ತು. ಮನಸ್ಸು ಬಂದಾಗ, ಮನಸ್ಸು ಬಂದವರು ಕೀಳುವಂತಿಲ್ಲ. ಹಬ್ಬದ ಹೊತ್ತಿಗೆ ಊರು ಆರಿಸಿದ ಕೆಲವರು ಮಡಿಯಲ್ಲಿ, ಬರಿಗಾಲಲ್ಲಿ, ಬುಟ್ಟಿ ಹೊತ್ತು ಮೇಲೆ ಹೋಗಿ, ದೇವಿಗೆ ಬೇಕಾದಷ್ಟನ್ನೇ ತರಬೇಕು. ನಂದಾಷ್ಟಮಿಗೆ ಮೊದಲು ಮುಟ್ಟಬಾರದು.

ಯೋಚಿಸಿ ನೋಡಿ. ನಂದಾಷ್ಟಮಿಯ ಹೊತ್ತಿಗೆ ಮೊದಲು ಅರಳಿದ ಹೂಗಳಲ್ಲಿ ಬೀಜ ಬಲಿಯತೊಡಗಿರುತ್ತದೆ. ಆಮೇಲೆ ಕಿತ್ತರೆ ಗಿಡದ ಮುಂದಿನ ಪೀಳಿಗೆಗೆ ಅಷ್ಟು ಪೆಟ್ಟಿಲ್ಲ. ಸೂತಕ, ಮಡಿ ಎಂದು ಹೇಳಿ ಹಿರಿಯರು ಮಾಡಿದ್ದು ಗಿಡ ಉಳಿಸುವ ಉಪಾಯವನ್ನೇ. ನಮ್ಮಲ್ಲೂ ಮುಸ್ಸಂಜೆಯ ಮೇಲೆ ತುಳಸಿ ಕೀಳಬಾರದು, ಹೂ ಕೀಳುವಾಗ ಟೊಂಗೆ ಮುರಿಯಬಾರದು ಎಂದು ಅಜ್ಜಿಯರು ಗದರುತ್ತಿದ್ದರಲ್ಲ!

ದ್ರೌಪದಿಯ ಆಸೆ

ವನಪರ್ವದ ಸೌಗಂಧಿಕಾ ಹೂವಿನ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಗಾಳಿಯಲ್ಲಿ ತೇಲಿಬಂದ ದಿವ್ಯ ಹೂವೊಂದು ದ್ರೌಪದಿಯ ಮುಂದೆ ಬೀಳುತ್ತದೆ. ಇನ್ನಷ್ಟು ಬೇಕೆಂದು ಅವಳು ಭೀಮನನ್ನು ಕೇಳುತ್ತಾಳೆ. ಭೀಮ ಕಾಡು ಮೇಡು ನುಗ್ಗಿ ಹೋಗುತ್ತಾನೆ. ದಾರಿಯಲ್ಲಿ ಅಡ್ಡ ಮಲಗಿದ ಮುದಿ ಕಪಿಯ ಬಾಲವನ್ನು ಎತ್ತಲಾರದೆ ಸೋಲುತ್ತಾನೆ. ಆ ಕಪಿಯೇ ಅವನ ಅಣ್ಣ ಹನುಮಂತ. ಬದರಿಯ ಕಡೆಯ ಜನ ಆ ಹೂವು ಬ್ರಹ್ಮಕಮಲವೇ ಎನ್ನುತ್ತಾರೆ.

ಹೂವಿನ ಆಸೆಗೆ ಹೆಂಗಸರು ಗಂಡಸರನ್ನು ಕಾಡಿಗಟ್ಟುತ್ತಾರೆ ಎಂದು ಈ ಕಥೆ ಹೇಳಿ ನಗುವವರುಂಟು. ನಗಲಿ ಬಿಡಿ. ಆದರೆ ಕಥೆಯನ್ನು ಸರಿಯಾಗಿ ಓದಿದರೆ ಎರಡು ಸಂಗತಿ ಕಾಣುತ್ತವೆ. ದ್ರೌಪದಿ ತನಗೆ ಸಿಕ್ಕ ಮೊದಲ ಹೂವನ್ನು ಮುಡಿಯಲಿಲ್ಲ, ಧರ್ಮರಾಯನಿಗೆ ಕೊಡುತ್ತೇನೆಂದಳು. ಎರಡನೆಯದು, ಹೂವಿದ್ದ ಕೊಳಕ್ಕೆ ಒಡೆಯನಿದ್ದ, ಕಾವಲಿತ್ತು. ಅದು ಕುಬೇರನ ಕೊಳ. ಕೇಳದೆ ಇಳಿದದ್ದಕ್ಕೆ ಕಾವಲಿನವರೊಡನೆ ಭೀಮ ಹೊಡೆದಾಡಬೇಕಾಯಿತು. ಆ ಕಾಲದಲ್ಲೇ ಪರ್ವತದ ಹೂವಿಗೆ ಕಾವಲು ಬೇಕಿತ್ತು ಎಂದಮೇಲೆ ಈಗ ಬೇಡವೇ?

ಕೊರತೆ ಎಲ್ಲಿಂದ ಬಂತು?

ಮೊದಲ ಕಾರಣ ನಾವೇ, ಅಂದರೆ ಯಾತ್ರೆಗೆ ಹೋಗುವ ಭಕ್ತಾದಿಗಳು. ಹಿಂದೆ ನಡೆದೇ ಹೋಗಬೇಕಾಗಿದ್ದ ಬೆಟ್ಟದ ಬುಡದವರೆಗೆ ಈಗ ಮೋಟಾರು ರಸ್ತೆಯಿದೆ, ಕೇದಾರಕ್ಕೆ ಹೆಲಿಕಾಪ್ಟರೂ ಇದೆ. ಹೋಗುವವರು ಲಕ್ಷಗಟ್ಟಲೆ. ಒಬ್ಬೊಬ್ಬರೂ ಒಂದು ಬ್ರಹ್ಮಕಮಲ ಏರಿಸಬೇಕೆಂದರೆ ಗತಿಯೇನು? ಶ್ರಾವಣದಲ್ಲಿ ಬೇಡಿಕೆ ಜಾಸ್ತಿ, ಆಗ ಬೀಜ ಬಲಿತಿರುವುದಿಲ್ಲ. ಬುಟ್ಟಿ ಬುಟ್ಟಿ ಕಿತ್ತು ಮಾರಿದರೆ ಆ ಗುಡ್ಡದಲ್ಲಿ ಮೊಳೆಯಲು ಬೀಜವೇ ಇರದು. ಕೆಲವರಂತೂ ಮನೆಯಲ್ಲಿ ಬೆಳೆಸುತ್ತೇವೆಂದು ಬೇರು ಸಮೇತ ಎಬ್ಬಿಸುತ್ತಾರೆ. ಬಯಲುಸೀಮೆಯ ಸೆಕೆಯಲ್ಲಿ ಅದು ಬದುಕಲಾರದು. ಗಿಡವೂ ಹೋಯಿತು, ಪಾಪವೂ ಬಂತು.

ಎರಡನೆಯದು ಔಷಧಿಯ ಆಸೆ. ಪರ್ವತದ ಜನ ಗಾಯಕ್ಕೆ, ತರಚಿದ್ದಕ್ಕೆ ಇದರ ಬೇರನ್ನು ಅರೆದು ಹಚ್ಚುತ್ತಿದ್ದರು. ಟಿಬೆಟ್ಟಿನ ವೈದ್ಯದಲ್ಲೂ ಇದಕ್ಕೆ ಸ್ಥಾನವಿದೆ. ಅದನ್ನೇ ಹಿಡಿದು ಸರ್ವರೋಗಕ್ಕೂ ಇದೇ ಮದ್ದು ಎಂದು ಹೇಳಿ ಮಾರುವವರು ಹುಟ್ಟಿಕೊಂಡಿದ್ದಾರೆ. ಅಂಥ ಮಾತಿಗೆ ಮರುಳಾಗಬೇಡಿ. ಮನೆಯ ಕಳ್ಳಿ ಬ್ರಹ್ಮಕಮಲವನ್ನೂ ಹೆಸರು ನಂಬಿ ಕಷಾಯ ಮಾಡಿ ಕುಡಿಯಲು ಹೋಗಬೇಡಿ.

ಮೂರನೆಯದು ಏರುತ್ತಿರುವ ಬಿಸಿ. ಹಿಮಾಲಯ ಬೆಚ್ಚಗಾಗುತ್ತಿದೆ, ಹಿಮನದಿಗಳು ಹಿಂದೆ ಸರಿಯುತ್ತಿವೆ. ತಂಪು ಬೇಕೆನ್ನುವ ಗಿಡಗಳು ಮೇಲೆ ಮೇಲೆ ಏರಬೇಕಾಗುತ್ತದೆ. ಕೆಳಗಿನ ಗಿಡಕ್ಕಾದರೆ ಮೇಲೆ ಜಾಗವುಂಟು. ಆಗಲೇ ಬೆಟ್ಟದ ನೆತ್ತಿಯಲ್ಲಿರುವುದು ಇನ್ನೆಲ್ಲಿಗೆ ಹೋದೀತು? ಮೇಲೆ ಬರೀ ಬಂಡೆ, ಅದರ ಮೇಲೆ ಆಕಾಶ.

ಇಲ್ಲಿ ಕುಳಿತು ನಾವೇನು ಮಾಡಬಹುದು?

ದೂರದ ಹಿಮಾಲಯದ ಹೂವಿಗೆ ಅಡುಗೆಮನೆಯಲ್ಲಿರುವ ನಾವೇನು ಮಾಡಲಾದೀತು ಎಂದಿರಾ? ಅದೇ ಚಮೋಲಿ ಜಿಲ್ಲೆಯ ರೇಣಿ ಎಂಬ ಹಳ್ಳಿಯಲ್ಲಿ 1974ರ ಮಾರ್ಚಿನಲ್ಲಿ ಗಂಡಸರಾರೂ ಊರಲ್ಲಿಲ್ಲದ ಹೊತ್ತು ಮರ ಕಡಿಯುವವರು ಬಂದಾಗ, ಗೌರಾದೇವಿ ಎಂಬ ವಿಧವೆ ಇಪ್ಪತ್ತೇಳು ಹೆಂಗಸರನ್ನು ಕಟ್ಟಿಕೊಂಡು ಮರಗಳಿಗೆ ಅಡ್ಡ ನಿಂತರು. ಕಾಡು ತಮಗೆ ತವರುಮನೆ ಎಂಬುದು ಅವರ ಮಾತಾಗಿತ್ತು. ಅದನ್ನು ಕೇಳಿ ಹುರುಪುಗೊಂಡು 1983ರಲ್ಲಿ ನಮ್ಮ ಶಿರಸಿ ಸೀಮೆಯ ಹೆಂಗಸರು ಗಂಡಸರು ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ. ಹಾಗಾಗಿ ನಮ್ಮಿಂದೇನಾದೀತು ಎಂಬ ಮಾತು ಬೇಡ. ಇಷ್ಟು ಮಾಡೋಣ:

ಯಾತ್ರೆಗೆ ಹೋದರೆ ಬ್ರಹ್ಮಕಮಲ ಕೊಳ್ಳಬೇಡಿ, ಕೀಳಬೇಡಿ. ಬಿಲ್ವಪತ್ರೆಯನ್ನೋ ಒಂದು ಹಿಡಿ ಅಕ್ಕಿಯನ್ನೋ ಮನೆಯಿಂದಲೇ ಒಯ್ಯಿರಿ. ಗಿಡದಲ್ಲೇ ಇರುವ ಹೂವನ್ನು ನೋಡಿ "ಇದು ನಿನಗೇ" ಎಂದು ಕೈಮುಗಿದರೆ ಈಶ್ವರ ಬೇಡವೆಂದಾನೇ? ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನವಾದ್ದರಿಂದ ಅಲ್ಲಿ ಕೀಳುವುದು ಕಾನೂನಿಗೂ ವಿರುದ್ಧ. ನಿಮ್ಮ ಜೊತೆ ಬಂದವರಿಗೂ ಮೆಲ್ಲಗೆ ತಿಳಿಹೇಳಿ.

'ಅಸಲಿ ಹಿಮಾಲಯದ ಬ್ರಹ್ಮಕಮಲದ ಸಸಿ' ಎಂದು ಯಾರಾದರೂ ಹೆಚ್ಚಿನ ಬೆಲೆ ಹೇಳಿದರೆ ಮೋಸ ಹೋಗಬೇಡಿ. ಕೊಡುವುದು ಕಳ್ಳಿಯ ತುಂಡನ್ನೇ. ಅದು ಪಕ್ಕದ ಮನೆಯಲ್ಲಿ ಪುಕ್ಕಟೆ ಸಿಗುತ್ತದೆ.

ಗ್ರಂಧಿಗೆ ಅಂಗಡಿಯ ಡಬ್ಬಿಗಳನ್ನೂ ಸ್ವಲ್ಪ ಗಮನಿಸಿ. ಚಂಗಲಕೋಷ್ಠ ಬ್ರಹ್ಮಕಮಲದ ಸೋದರಿಯೇ. ಬೇರಿಗಾಗಿ ಅಗೆದು ಅಗೆದು ಕಾಡಿನಲ್ಲಿ ಅದು ಅಪರೂಪವಾಯಿತು. 1985ರಿಂದ ಅದರ ದೇಶಾಂತರ ವ್ಯಾಪಾರಕ್ಕೆ ಅತಿ ಕಟ್ಟುನಿಟ್ಟಿನ ನಿಯಮವಿದೆ. ತಲೆಗೆಣ್ಣೆಗೆ ನಾವು ಹಾಕುವ ಜಟಾಮಾಂಸಿಯೂ ಅದೇ ಹಿಮದ ಸೀಮೆಯದು. ಬೇಕಾದದ್ದು ಬೇರಾದ್ದರಿಂದ ಗಿಡವನ್ನೇ ಕೀಳುತ್ತಾರೆ. 1997ರಿಂದ ಅದರ ದೇಶಾಂತರ ವ್ಯಾಪಾರಕ್ಕೂ ನಿಯಮ ಬಂದಿದೆ, ಆದರೆ ಅಷ್ಟು ಕಟ್ಟುನಿಟ್ಟಿನದಲ್ಲ. ವೈದ್ಯರು ಬರೆದುಕೊಟ್ಟ ಔಷಧಿಯ ಮಾತು ಬೇರೆ. ದಿನನಿತ್ಯದ ಎಣ್ಣೆಗೆ ನಮ್ಮ ಹಿತ್ತಲಿನದೇ ಸಾಕು.

ಹಿತ್ತಲಿನ ತಲೆಗೆಣ್ಣೆ: ಅರ್ಧ ಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಹಿಡಿ ಗರುಗದ ಸೊಪ್ಪು, ಒಂದು ಹಿಡಿ ಕರಿಬೇವು, ಐದಾರು ಕೆಂಪು ದಾಸವಾಳ ಹೂ, ಒಂದು ಚಮಚ ಮೆಂತ್ಯ. ಸೊಪ್ಪು ಹೂಗಳನ್ನು ತೊಳೆದು, ನೆರಳಲ್ಲಿ ನೀರಾರಿಸಿ, ತರಿತರಿಯಾಗಿ ಕುಟ್ಟಿ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ಸೊಪ್ಪಿನ ಸದ್ದು ಅಡಗಿ ಗರಿಗರಿಯಾದಾಗ ಇಳಿಸಿ, ಮೆಂತ್ಯ ಹಾಕಿ ಮುಚ್ಚಿಡಿ. ಮರುದಿನ ಸೋಸಿ ಒಣಗಿದ ಬಾಟಲಿಗೆ ತುಂಬಿ. ಪರಿಮಳ ಬೇಕೆಂದರೆ ಒಂದೆರಡು ಎಳೆ ಲಾವಂಚದ ಬೇರನ್ನು ಬಾಟಲಿಗೆ ಇಳಿಬಿಡಿ.

ಕುಂಡದ ಬ್ರಹ್ಮಕಮಲಕ್ಕೆ ನಾಲ್ಕು ಮಾತು

ಮೊಗ್ಗು ಉದುರುತ್ತದೆ, ಹೂವೇ ಬಿಡುವುದಿಲ್ಲ ಎಂಬ ದೂರು ಬಹಳ. ಹೀಗೆ ಮಾಡಿ ನೋಡಿ. ಬಲಿತ ಕಾಂಡದ ಒಂದು ಗೇಣು ತುಂಡನ್ನು ಕತ್ತರಿಸಿ, ಎರಡು ಮೂರು ದಿನ ನೆರಳಲ್ಲಿ ಇಟ್ಟು, ಗಾಯ ಒಣಗಿದ ಮೇಲೆ ನೆಡಿ. ಮಣ್ಣಿಗೆ ಮರಳು, ಎಲೆಗೊಬ್ಬರ ಸೇರಿಸಿ. ನೀರು ನಿಂತರೆ ಬೇರು ಕೊಳೆಯುತ್ತದೆ, ಮೇಲ್ಮಣ್ಣು ಒಣಗಿದ ಮೇಲೇ ನೀರು ಹಾಕಿ. ಬೆಳಗಿನ ಎಳೆಬಿಸಿಲು ಬೇಕು, ಮಧ್ಯಾಹ್ನದ ಉರಿಬಿಸಿಲು ಬೇಡ. ಎರಡು ಮೂರು ವರ್ಷ ತಾಳ್ಮೆಯಿಂದಿರಿ. ಮೊಗ್ಗು ಕಂಡ ಮೇಲೆ ಕುಂಡವನ್ನು ಆ ಕಡೆ ಈ ಕಡೆ ಎತ್ತಿಡಬೇಡಿ, ಮೊಗ್ಗು ಉದುರಲು ಅದೇ ಮುಖ್ಯ ಕಾರಣ. ಜೋತುಬಿದ್ದ ಮೊಗ್ಗು ದಪ್ಪವಾಗಿ ಕತ್ತೆತ್ತಿ ನಿಂತರೆ ಅರಳುವ ರಾತ್ರಿ ಹತ್ತಿರ ಬಂತೆಂದು ತಿಳಿಯಿರಿ, ನೆರೆಮನೆಗೆ ಹೇಳಿಕಳಿಸಿ.

ಆ ರಾತ್ರಿ ಮಕ್ಕಳು ಹೂವಿನ ಮುಂದೆ ಕುಳಿತಿದ್ದಾಗ ಈ ಎರಡು ಹೂಗಳ ಕಥೆಯನ್ನು ಅವರಿಗೆ ಹೇಳಿ. ಇದು ತವರು ಬಿಟ್ಟು ಬಂದು ನಮ್ಮನ್ನು ಒಪ್ಪಿಕೊಂಡ ಹೂವು, ಇದೇ ಹೆಸರಿನ ಇನ್ನೊಂದು ಈಗ ಹಿಮದ ಗುಡ್ಡದಲ್ಲಿ ಹೊದಿಕೆ ಹೊದ್ದು ನಿಂತಿದೆ, ಅದನ್ನು ಅಲ್ಲಿಯೇ ಬಿಡಬೇಕು ಎಂದು ಹೇಳಿ. ನಾಳೆ ಬದರಿ ಕೇದಾರಕ್ಕೆ ಹೋಗುವವರು ಆ ಮಕ್ಕಳೇ ಅಲ್ಲವೇ?

ಈ ಬಾರಿ ಗೌರಿಯನ್ನು ಕಳಿಸಿಕೊಟ್ಟ ಐದನೆಯ ದಿನ ಕ್ಯಾಲೆಂಡರಿನಲ್ಲಿ ಅಷ್ಟಮಿಯ ಮೇಲೆ ಒಂದು ಗುರುತು ಹಾಕಿಡಿ. ಅಂದು ಪರ್ವತದ ಹೆಂಗಸರು ನಂದೆಯ ಹಬ್ಬ ಮಾಡುತ್ತಿರುತ್ತಾರೆ. ನಾವಿಲ್ಲಿಂದ ಅವಳಿಗೆ ಕಳಿಸಬಹುದಾದ ಬಾಗಿನ ಒಂದೇ, ಅವಳ ತವರಿನ ಹೂವನ್ನು ಮುಟ್ಟದೆ ಬಿಡುವುದು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ನಿಮ್ಮ ಮನೆಯ ಬ್ರಹ್ಮಕಮಲ ಅರಳಿದರೆ ಬರೆದು ತಿಳಿಸಿ, ಸಜ್ಜಿಗೆ ಮಾತ್ರ ಬಿಸಿಯಿರುವಾಗಲೇ ತಿಂದುಬಿಡಿ!